ಇಸಿಲೆಯ ಪಾಲಿನ ಕಾವು

“ಆ ಹೆಣ ಆಚೆಗೆಳೆದು ನೀನು ನುಗ್ಗು. ಎಷ್ಟ್ ಸಲ ಒದರ್ಬೇಕೇ ನಿಂಗೆ, ಲೌಡಿ?”

ಕಾಡ್ವೆನ್ ದೊರೆ ಬೂಟಿನ ತುದಿಯಿಂದ ತನ್ನ ಸವಾರಿಯ ಉಡದ ಹೊಟ್ಟೆಯ ಕೆಳಗೆ ತಿವಿದ. ಬೂಟು ಅಲ್ಲಿ ಸತ್ತು ಬಿದ್ದಿದ್ದ ಇಸಿಲೆಯ ಕಾಲಿಗೆ ತಾಗಿತು. ಸೌದೆಗೆ ಬಡಿದ ಹಾಗೆ ಸದ್ದಾಯಿತು.

“ಕಾಲು ಒದೀಬೇಡಿ,” ಎಂದಳು ನೆರ್ವಾ.

“ಏನಂದೆ?”

“ನನ್ ಮಗಳ ಕಾಲದು. ಒದೀಬೇಡಿ ಅಂದೆ.”

ಹಿಂದೆ ನಿಂತಿದ್ದ ಸವಾರರು ನಕ್ಕರು. ಕಾವಿನವರ ಹೆಂಗಸು ದೊರೆಗೆ ‘ಬೇಡ’ ಅಂದದ್ದನ್ನು ಅವರು ಕೇಳಿದ್ದೇ ಇಲ್ಲ.

ಎತ್ತಿನ ಎರಡರಷ್ಟು ಗಾತ್ರದ ಆ ಉಡಗಳು ಮೈ ಬಿಸಿಯಿದ್ದರೆ ಸವಾರನನ್ನು ಹೊತ್ತು ಕೋಟೆಯ ಗೋಡೆಯನ್ನು ನೆಟ್ಟಗೆ ಏರುತ್ತವೆ. ಮೈ ಆರಿತೋ, ಬಂಡೆ. ಹೊಗೆ ಕಂಡರೆ ಹುಚ್ಚೆದ್ದು ಓಡುವುದರಿಂದ ಹತ್ತಿರ ಬೆಂಕಿ ಹಾಕುವಂತಿಲ್ಲ. ಅದಕ್ಕೇ ದಂಡಿನ ಜೊತೆ ಕಾವಿನವರು. ಮೊಟ್ಟೆಯನ್ನು ಹೊಟ್ಟೆಗೆ ಕಟ್ಟಿಕೊಂಡು ಮರಿ ಮಾಡುವವರು ಅವರು, ಹಿಮದಲ್ಲಿ ಬರಿಮೈಯನ್ನು ಉಡದ ಹೊಟ್ಟೆಗೊತ್ತಿ ಮಲಗುವವರೂ ಅವರೇ. ಅವರು ಮುಟ್ಟಿದ ನೀರನ್ನು ಸವಾರರು ಕುಡಿಯುವುದಿಲ್ಲ. ಅವರು ಬಿಸಿ ಮಾಡಿಟ್ಟ ಬೆನ್ನಿನ ಮೇಲೆ ಮಾತ್ರ ಕೂರುತ್ತಾರೆ.

ಈ ಉಡವೂ ನೆರ್ವಾಳ ಹೊಟ್ಟೆಯ ಮೇಲೆ ಒಡೆದ ಮೊಟ್ಟೆಯೇ. ಆ ಚಳಿಗಾಲ ಹೊಟ್ಟೆಗೆ ಮೊಟ್ಟೆ, ಬೆನ್ನಿಗೆ ಕೂಸು ಇಸಿಲೆ. ದೊರೆ ಅದನ್ನು ‘ಸಿಡಿಲು’ ಎನ್ನುತ್ತಿದ್ದ. ಇಸಿಲೆಗೆ ಅದು ‘ತಂಗಿ’. ನಿನ್ನೆ ದೊರೆ ಇಸಿಲೆಯ ಕುರಿದೊಗಲನ್ನು ಕಿತ್ತು ಉಡದ ಕುತ್ತಿಗೆಗೆ ಹೊದಿಸಿದ್ದ. ಅವಳು ಹಾಗೇ ಅದರ ಹೊಟ್ಟೆಯ ಕೆಳಗೆ ತೂರಿಕೊಂಡಿದ್ದಳು. ಇವತ್ತು ಗಂಜಿಗೆ ಕರೆದರೆ ಓಗೊಡಲಿಲ್ಲ.

“ಇದೊಂದ್ ರಾತ್ರಿ ಬಿಡಿ, ದೊರೆ. ಅವಳಿಗೆ ಕಾವು ಕೊಡ್ಬೇಕು.”

“ಕೊಟ್ರೆ ಎದ್ದು ಕೂರ್ತಾಳೇನೇ?”

“ನಮ್ಮೋರು ತಣ್ಗೆ ಮಣ್ಣಿಗೆ ಹೋಗಂಗಿಲ್ಲ. ಸುತ್ತ ಮಲ್ಗಿ ಬೆಚ್ಗೆ ಮಾಡಿ ಕಳಿಸ್ಬೇಕು. ಇಲ್ದಿದ್ರೆ ಹಿರೀಕರು ಗುರುತು ಹಿಡಿಯಾಕಿಲ್ಲ.”

“ಗುರುತು ಹಿಡಿದು ಏನ್ ಕಿಸೀತಾರೆ ನಿನ್ ಹಿರೀಕರು? ಬೆಳಗಾದ್ರೆ ನಾನು ಗೋಡೆ ಹತ್ಬೇಕು. ಕೋಟೆ ಬಿದ್ಮೇಲೆ ಬೇಕಾದಷ್ಟು ತಬ್ಕೊಂಡ್ ಬಿದ್ಕೋ.”

ನೆರ್ವಾ ಬಗ್ಗಿ ಮಗಳ ತೋಳು ಹಿಡಿದು ಎಳೆದಳು. ದೇಹ ಹೊರಬಂದಾಗ ಉಡ ಗಂಟಲಲ್ಲೇ ನರಳಿ, ಖಾಲಿಯಾದ ಜಾಗವನ್ನು ಮೂತಿಯಿಂದ ತಡಕಿತು. ದೊರೆ ಸರಿದು ದಾರಿ ಬಿಟ್ಟ. ಅವಳು ಉಡದ ಕೆಳಗೆ ನುಗ್ಗಲಿಲ್ಲ. ಮೇಲಂಗಿ ಕಳಚಿ ಹಿಮದ ಮೇಲೆ ಹಾಸಿ, ಮಗಳನ್ನು ಮಲಗಿಸಿ, ಬರಿ ಎದೆಗೆ ಅಪ್ಪಿಕೊಂಡಳು.

ಚಾವಟಿ ಬಿತ್ತು. ಮತ್ತೆ ಬಿತ್ತು. ಅವಳು ಮಗಳ ಮುಖದ ಮೇಲೆ ಕೈ ಅಡ್ಡ ಇಟ್ಟಳೇ ಹೊರತು ಏಳಲಿಲ್ಲ.

“ಇವಳಮ್ಮನ್. ಓರ್ತ, ನೀನ್ ಬಾರೋ. ನುಗ್ಗು.”

ಪಕ್ಕದ ಉಡದ ಕೆಳಗಿಂದ ಮುದುಕ ಓರ್ತ ತೆವಳಿ ಬಂದ. ಸಿಡಿಲಿನ ಹೊಟ್ಟೆಯನ್ನು ನೋಡಿದ. ಆಮೇಲೆ ಕುಂಟುತ್ತ ಹೋಗಿ ಇಸಿಲೆಯ ಎರಡೂ ಪಾದಗಳನ್ನು ತನ್ನ ಕಂಕುಳಲ್ಲಿಟ್ಟುಕೊಂಡು ಮಲಗಿದ.

“ಏ ಮುದಿ ಸೂಳೆಮಗನೆ, ನೀನೂನಾ?”

“ಕಾಲು ಭಾಳ ತಣ್ಗವೆ, ದೊರೆ,” ಎಂದ ಓರ್ತ.

ಆಮೇಲೆ ಸಾಲಿನುದ್ದಕ್ಕೂ ಹೊಟ್ಟೆಗಳ ಅಡಿಯಿಂದ ಜನ ಹೊರಬಂದರು. ಇಸಿಲೆಯ ಸುತ್ತ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿದರು. ಒಬ್ಬ ಸವಾರ ಕತ್ತಿ ಹಿರಿದ. ದೊರೆಯೇ ಅವನ ಮುಂಗೈ ಹಿಡಿದ.

“ಕಡೀಬೇಡ್ವೋ ಪೆದ್ದೆ. ಹೆಣವಾದ್ರೆ ಮೈಯಲ್ಲಿ ಬಿಸಿ ಎಲ್ಲಿರ್ತದೆ? ಚಳಿ ಹತ್ತಲಿ, ನಾಯಿಗಳ ಹಂಗೆ ತಾವೇ ವಾಪಸ್ ಬರ್ತವೆ.”

ಬೆಳಗಿನ ಕಹಳೆ ಊದಿದಾಗ ಒಂದು ಉಡವೂ ಏಳಲಿಲ್ಲ. ಅವುಗಳ ರೆಪ್ಪೆಯ ಮೇಲೆ ಹಿಮ ಕೂತಿತ್ತು. ಕಬ್ಬಿಣ ತೊಟ್ಟ ಸವಾರರು ಜೀನಿನ ಮೇಲೆ ಕೂತು ಹಿಮ್ಮಡಿಯಿಂದ ಒದೆಯುತ್ತಿದ್ದರು. ಕೋಟೆಯ ಮೇಲಿನಿಂದ ಯಾರೋ ಸಿಳ್ಳೆ ಹಾಕಿದರು.

ನೆರ್ವಾ ಮಗಳ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು. ಅಷ್ಟೂ ಜನರ ಮೈಯ ಬಿಸಿ, ಇಸಿಲೆಯದ್ದೇ ಅನ್ನುವ ಹಾಗಿತ್ತು. ಅವಳು ಅಲ್ಲೇ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಓರ್ತ ಎತ್ತಿಕೊಟ್ಟ, ಅವಳು ಬೆನ್ನಿಗೆ ಕಟ್ಟಿಕೊಂಡಳು. ಕೂಸಾಗಿದ್ದಾಗ ಕಟ್ಟಿಕೊಳ್ಳುತ್ತಿದ್ದ ಗಂಟೇ. ಕಾಲುಗಳು ಮಾತ್ರ ನೆಲಕ್ಕೆ ಎಳೆಯುತ್ತಿದ್ದವು.

“ನೆರ್ವಾ,” ಎಂದ ದೊರೆ. ಅವಳ ಹೆಸರು ಅವನಿಗೆ ಗೊತ್ತಿತ್ತು ಅನ್ನುವುದೇ ಅವಳಿಗೆ ತಿಳಿದಿರಲಿಲ್ಲ. “ಸಿಡಿಲು ಇನ್ನೂ ಸತ್ತಿಲ್ಲ ನೋಡು. ನೀನು ಕೆಳಗೆ ಮಲಗಿದ್ರೆ ಎದ್ದೀತು. ಇದೂ ನೀನು ಹೆತ್ತ ಹಂಗೇ ಅಲ್ವೇನೇ?”

ಅವಳು ನಿಂತಳು. ಉಡದ ಒಂದು ಕಣ್ಣು ಅರ್ಧ ತೆರೆಯಿತು. ಮರಿಯಾಗಿದ್ದಾಗ ಅವಳ ಗಲ್ಲ ನೆಕ್ಕುತ್ತಿದ್ದ ನಾಲಿಗೆ ನಿಧಾನವಾಗಿ ಹೊರಬಂದು ಗಾಳಿಯಲ್ಲಿ ಅವಳನ್ನು ಹುಡುಕಿತು.

“ಹೌದು, ನಾನೇ ಹೆತ್ತಿದ್ದು,” ಎಂದಳು ನೆರ್ವಾ. “ಎರಡನ್ನೂ ನೀನೇ ತಿಂದೆ.”

ಅವಳು ಕಣಿವೆಯ ಕಡೆಗೆ ನಡೆದಳು. ಓರ್ತ ಹಿಂದೆ ಹೊರಟ, ಅವನ ಹಿಂದೆ ಉಳಿದವರು. ದೊರೆ ಮೊದಲು ಬೈದ, ಆಮೇಲೆ ಕರೆದ. ಬೆನ್ನಿನ ಮೇಲಿನ ತಲೆ ಹೆಜ್ಜೆಹೆಜ್ಜೆಗೂ ತೂಗುತ್ತ ದೂರವಾಗುತ್ತಿತ್ತು. ನೆರ್ವಾ ತಿರುಗಿ ನೋಡಲಿಲ್ಲ.

ಉಡದ ನಾಲಿಗೆ ಒಳಗೆ ಹೋಗಲಿಲ್ಲ. ಅದರ ಮೇಲೆ ಹಿಮ ಬೀಳತೊಡಗಿತು. ಬಿದ್ದದ್ದು ಕರಗಲಿಲ್ಲ.