ದೊರೆಯ ಬೈಗುಳ

ನಮ್ಮ ನಾಯಿಯನ್ನು ಮನೆಯಲ್ಲೆಲ್ಲ ದೊರೆ ಎಂದೇ ಕರೆಯುತ್ತಿದ್ದೆವು. ಕಿವಿ ಮುಟ್ಟಿದರೆ ಅದು ಗುರ್ ಎನ್ನುತ್ತಿತ್ತು. ಅಕ್ಕನ ಪುಟ್ಟ ಮಗಳಿಗೆ ಏನಾದರೂ ಆದೀತೆಂದು ಹೆದರಿ, ತರಬೇತಿ ಕೊಡುವವನನ್ನು ಕರೆಸಿದೆವು. ಗುರ್ ಎಂದಾಗಲೆಲ್ಲ ಅವನು ಕತ್ತಿನ ಸರಪಳಿ ಜಗ್ಗಿದ. ಹದಿನೈದೇ ದಿನಕ್ಕೆ ದೊರೆ ತೆಪ್ಪಗಾಯಿತು. ನಾವು ಬೀಗಿದೆವು.

ಲಸಿಕೆ ಹಾಕಿಸಲು ಹೋದ ದಿನ ಮಗು ಅದರ ಕಿವಿ ಹಿಡಿದು ಆಡುತ್ತಿತ್ತು. ಪಶುವೈದ್ಯೆ ಸಿರಿಂಜ್ ಕೆಳಗಿಟ್ಟು, ಆ ಪುಟ್ಟ ಕೈಯನ್ನು ಮೆಲ್ಲಗೆ ಬಿಡಿಸಿದರು.

"ಏನೂ ಮಾಡಲ್ಲ ಡಾಕ್ಟ್ರೇ, ತುಂಬಾ ಸಾಧು. ಸರಪಳಿ ಜಗ್ಗಿ ಜಗ್ಗಿ ಗುರ್ ಅನ್ನೋದನ್ನೂ ಬಿಡಿಸಿದೀವಿ," ಎಂದೆ.

"ಸಾಧು ಅಲ್ಲಮ್ಮಾ, ಹೆದರಿ ಬಾಯಿ ಕಟ್ಕೊಂಡಿದೆ. ಮೈ ಹೇಗೆ ಸೆಟೆದುಕೊಂಡಿದೆ ನೋಡಿ! ಇನ್ನು ಹೇಳದೆ ಕೇಳದೆ ಕಚ್ಚಿಬಿಡುತ್ತೆ."

ಕಿವಿಯೊಳಗೆ ಬೆಳಕು ಬಿಟ್ಟು ತೋರಿಸಿದರು. ಕೀವು ತುಂಬಿತ್ತು. ನೋವೆಂದು ಅದು ಹೇಳಿಕೊಂಡಿದ್ದನ್ನು ನಾವು ಪೊಗರು ಎಂದುಕೊಂಡಿದ್ದೆವು.

ಅಂದೇ ಸರಪಳಿ ಬಿಚ್ಚಿದೆವು. ಕಿವಿ ಮೂರು ವಾರದಲ್ಲಿ ವಾಸಿಯಾಯಿತು; ದನಿ ಮರಳಲು ಏಳು ತಿಂಗಳು ಬೇಕಾಯಿತು. ಅಷ್ಟೂ ದಿನ ಮಗುವನ್ನು ಅದರ ಹತ್ತಿರ ಒಂಟಿಯಾಗಿ ಬಿಡಲಿಲ್ಲ. ಒಂದು ಬೆಳಿಗ್ಗೆ ನಾನು ದೊರೆಯ ಕೂದಲು ಬಾಚುವಾಗ ಬಾಲದ ಸಿಕ್ಕು ಎಳೆಯಿತು.

"ಗುರ್ರ್!"

ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡೆ.

"ಏನೇ ಅದು?" ಎನ್ನುತ್ತ ಅಕ್ಕ ಓಡಿಬಂದಳು.

"ದೊರೆಗಳು ಬೈದ್ರು ಅಕ್ಕಾ!"

"ಸದ್ಯ! ಬೈಸ್ಕೋ, ಚೆನ್ನಾಗಿ ಬೈಸ್ಕೋ," ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು.

ವೈದ್ಯೆಗೆ ಫೋನು ಮಾಡಿ ಥ್ಯಾಂಕ್ಸ್ ಹೇಳಿದೆ. ದೊರೆಗೂ ಹೇಳಿದೆ. ಬೇಡವಾದುದನ್ನು ಬೇಡ ಎಂದು ಹೇಳುವಷ್ಟು ನಂಬಿಕೆ ಅದಕ್ಕೆ ನಮ್ಮ ಮೇಲೆ ಮತ್ತೆ ಬಂದಿತ್ತಲ್ಲ.