ಮೊಳೆಯ ಮೇಲೆ ಎರಡು ಟೋಪಿ

“ಅಷ್ಟು ಹೊತ್ತು ಒಳಗಿದ್ದೆ ಅಂತೀಯ. ಕೂಗಲಿಲ್ಲ ಯಾಕಮ್ಮ?” ಎಂದ ಹೋಟೆಲ್ ಮ್ಯಾನೇಜರನ ವಕೀಲ.

ತರಕಾರಿ ಹೆಚ್ಚುವವಳು ಕಟಕಟೆಯ ಕಂಬಿ ಹಿಡಿದಳು. “ಕೂಗಿದೆ ಸಾರ್. ಮಾಂಸ, ತರಕಾರಿ ಕೆಡದ ಹಾಗೆ ಇಡೋ ಕೋಲ್ಡ್ ರೂಮಿನ ಬಾಗಿಲು ಗೇಣು ದಪ್ಪ. ಹೊರಗೆ ಕೇಳ್ಸಲ್ಲ.”

ಎದುರಿನ ಬೆಂಚಿನಲ್ಲಿ ಮ್ಯಾನೇಜರ್ ಕರ್ಚೀಫಿನಿಂದ ತುಟಿ ಒರೆಸಿಕೊಂಡ. ಆ ದಿನ ಒಳಗೆ ಅವಳ ಬಾಯಿಗೆ ಬಲವಂತವಾಗಿ ಒತ್ತಿದ ಅದೇ ತುಟಿ. ಥೂ! ಆ ದಿನ ಕೋಲ್ಡ್ ರೂಮಿನತ್ತ ತಾನು ತಲೆಯೇ ಹಾಕಿಲ್ಲವೆಂದು ಅವನು ಆಗಲೇ ಪ್ರಮಾಣ ಮಾಡಿ ಹೇಳಿಯಾಗಿತ್ತು. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಕಣ್ಣಾರೆ ಕಂಡವರು ಯಾರೂ ಇಲ್ಲ. ಕೇಸು ಬಿದ್ದುಹೋದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

ವಕೀಲ ತನ್ನ ಸಾಕ್ಷಿಯನ್ನು ಕರೆದ. ಹೆಡ್ ಕುಕ್, ಅಡುಗೆಮನೆಯಲ್ಲಿ ಎಲ್ಲರಿಗೂ ‘ಮಾಮ’. ಹದಿನೆಂಟು ವರ್ಷ ಆ ಹೋಟೆಲಿನ ಉಪ್ಪು ತಿಂದವನು.

“ಮ್ಯಾನೇಜರ್ ಒಳಗೆ ಹೋಗಿದ್ದು ನೋಡಿದ್ರಾ?”

“ಇಲ್ಲ ಸ್ವಾಮಿ.”

ವಕೀಲ ಕೂರಲು ಹೊರಟ. ಮಾಮ ಮಾತ್ರ ಕದಲಲಿಲ್ಲ.

“ಟೋಪಿ ನೋಡಿದೆ.”

“ಯಾವ ಟೋಪಿ?” ನ್ಯಾಯಾಧೀಶರು ತಲೆಯೆತ್ತಿದರು.

“ಕೋಲ್ಡ್ ರೂಮಿಗೆ ಹೋಗೋರು ತಲೆ ಮೇಲಿನ ಟೋಪಿ ತೆಗೆದು ಹೊರಗಿನ ಮೊಳೆಗೆ ನೇತುಹಾಕಿ ಹೋಗ್ತಾರೆ ಸ್ವಾಮಿ. ಇಲ್ದಿದ್ರೆ ಗೊತ್ತಿಲ್ದೆ ಯಾರಾದ್ರೂ ಚಿಲಕ ಹಾಕ್ಬಿಡ್ತಾರೆ, ಒಳಗಿದ್ದೋರು ಸೆಟೆದು ಸಾಯ್ಬೇಕು. ಅವತ್ತು ಎರಡು ಟೋಪಿ ಇತ್ತು. ಒಂದು ಇವಳದ್ದು. ಇನ್ನೊಂದು ನೀಲಿ ಪಟ್ಟಿದು. ನೀಲಿ ಪಟ್ಟಿ ಮ್ಯಾನೇಜರಿಗೆ ಮಾತ್ರ.”

ಕರ್ಚೀಫು ಹಿಡಿದ ಕೈ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಅಂಥ ಹೊಲಸು ಕೆಲಸಕ್ಕೆ ಹೋಗುವಾಗಲೂ ತನ್ನ ಜೀವವನ್ನು ಜೋಪಾನ ಮಾಡಿಕೊಂಡಿದ್ದ, ಪುಣ್ಯಾತ್ಮ!

ಮಧ್ಯಾಹ್ನ ಕೋರ್ಟಿನ ವರಾಂಡದಲ್ಲಿ ಮಾಮ ಎರಡು ಲೋಟ ಟೀ ಹಿಡಿದು ಬಂದ. “ಕುಡಿ ಮಗಳೇ. ಇನ್ನು ಕೇಸು ಗೆದ್ದ ಹಾಗೇ ಅಂದ್ರು ನಿನ್ನ ವಕೀಲರು.”

ಅವಳು ಕೈ ಚಾಚಲಿಲ್ಲ. “ಎರಡು ಟೋಪಿ ನೋಡಿದ್ಮೇಲೆ ನೀವೇನ್ ಮಾಡಿದ್ರಿ ಮಾಮ?”

“ಒಲೆ ಮೇಲೆ ಎಣ್ಣೆ ಕಾದಿತ್ತು, ಮಗಳೇ…”

“ಮಗಳೇ ಅನ್ಬೇಡಿ.”

ಅವಳು ಮೂಲೆಯ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ ಉಗಿದಳು. ಮತ್ತೆ ಮುಕ್ಕಳಿಸಿದಳು. ಮಾಮ ನಿಂತಲ್ಲೇ ನಿಂತಿದ್ದ. ಎರಡೂ ಲೋಟದ ಟೀ ಕೆನೆಗಟ್ಟಿತ್ತು.