ಸೋನಾಬಾಯಿ ಹಾಡಿದ್ದು

ನಾಗಣಸೂರಿನ ರತ್ನಾಬಾಯಿ ಬೀಸುವ ಕಲ್ಲಿನ ಮುಂದೆ ಹಾಡಲು ಕೂತರೆ ಮೂರು ಊರಿನ ಜೋಳ ಹಿಟ್ಟಾಗುತ್ತಿತ್ತು, ಹಾಡು ಮಾತ್ರ ಮುಗಿಯುತ್ತಿರಲಿಲ್ಲ. ಹೀಗೆಂದು ಹೇಳುವವಳು ರತ್ನಾಬಾಯಿಯೇ. ಇದರಲ್ಲಿ ಅರ್ಧ ಸುಳ್ಳು ಎಂದು ಒಪ್ಪುವವಳೂ ಅವಳೇ. ಯಾಕೆಂದರೆ ಹಾಡುಗಳಲ್ಲಿ ಅರ್ಧ ನೆಗೆಣ್ಣಿ ಸೋನಾಬಾಯಿಯವು.

ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಗೂಟ ಹಿಡಿದು ಬೀಸಿದವರು. ನಾಲ್ಕು ವರ್ಷದ ಹಿಂದೆ ರತ್ನಾಬಾಯಿಯ ಮೊಮ್ಮಗಳು ಪ್ರಣಿತಾ, ಸೊಲ್ಲಾಪುರದಲ್ಲಿ ತಾನು ಕೆಲಸ ಮಾಡುವ ಜನಪದ ಸಂಸ್ಥೆಗಾಗಿ ಇವರ ನೂರಾ ಹನ್ನೆರಡು ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡಳು. ಹಾಡಿದವರ ಹೆಸರು ಕೇಳಿದಾಗ ರತ್ನಾಬಾಯಿ, "ಎಲ್ಲಾ ನನ್ನ ಹೆಸ್ರಿಲೇ ಬರಿ. ಈಕಿ ಬರೇ ನನ್ನ ಹಿಂದ ಹೂಂ ಅಂದಾಳ" ಎಂದು ಚೇಷ್ಟೆ ಮಾಡಿದಳು. ಸೋನಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಪ್ರಣಿತಾ ಹಾಗೆಯೇ ಬರೆದುಕೊಂಡಳು. ಮುಂದೆ ಯಾವಾಗಲಾದರೂ ತಿದ್ದಿಸಿದರಾಯಿತೆಂದು ರತ್ನಾಬಾಯಿ ದಿನ ದೂಡಿದಳು. ಸೋನಾಬಾಯಿ ಕಾಯಲಿಲ್ಲ, ಕಳೆದ ವರ್ಷ ತೀರಿಕೊಂಡಳು.

ನಾಳೆ ಅವಳ ವರ್ಷದ ಪೂಜೆ. "ದೊಡ್ಡವ್ವ, ಪ್ರಣಿತಾನ ಸಂಸ್ಥಾದ ಸೈಟಿನಾಗ ಅವ್ವನ ಹೆಸ್ರು ಹಾಕಿ ಹುಡಿಕಿದ್ರ ಒಂದು ಹಾಡೂ ಸಿಗವಲ್ದು" ಎಂದು ಸೋನಾಬಾಯಿಯ ಮಗಳು ನಂದಾ ಕಂದಲಗಾಂವದಿಂದ ಫೋನಿನಲ್ಲಿ ಅತ್ತಿದ್ದಳು. ಪೂಜೆಗೆ ಮುಂಚೆ ಹೆಸರು ತಿದ್ದಿಸಲೇಬೇಕೆಂದು ರತ್ನಾಬಾಯಿ ಬೆಳಗಿನ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಬಂದು ಮೊಮ್ಮಗಳ ಮೇಜಿನ ಪಕ್ಕ ಕೂತಳು.

ಹೆಸರು ತಿದ್ದುವ ಅಧಿಕಾರ ಅಡ್ಮಿನ್‌ಗೆ ಮಾತ್ರ. ಆ ಅಡ್ಮಿನ್ ಪ್ರಣಿತಾಳೇ. ಆದರೆ ಹಳೆಯ ಡಿಸ್ಕ್ ತುಂಬಿತೆಂದು ನಿನ್ನೆ ಹಾಡುಗಳ ವಿವರವೆಲ್ಲ ಇರುವ ಡೇಟಾಬೇಸನ್ನು ಹೊಸ ಡಿಸ್ಕಿಗೆ ಸಾಗಿಸಿದ್ದಳು. ಆಗಿನಿಂದ ಕಂಪ್ಯೂಟರು ಅವಳ ಪಾಸ್‌ವರ್ಡನ್ನೇ ಒಪ್ಪುತ್ತಿರಲಿಲ್ಲ.

"ನಿನ್ನ ಮನ್ಯಾಗ ನಿನ್ನೇ ಬಿಡವಲ್ರಲ್ಲ! ನಾಳಿ ಅತ್ತಿ ಮನ್ಯಾಗ ಹ್ಯಾಂಗ ಬಿಟ್ಕೋತಾರ?" ಎಂದು ರತ್ನಾಬಾಯಿ ಚುಡಾಯಿಸಿದಳು.

"ಆಯಿ, ಜರಾ ಥಾಂಬು, ತಡಿ. ಪಾಸ್‌ವರ್ಡ್ ಬರೋಬರ್ ಅದ."

ಸಂಸ್ಥೆಯ ಹಿರಿಯ ಲಕ್ಷ್ಮೀಕಾಂತ ಬಾಗಿಲಲ್ಲಿ ನಿಂತು ಹೇಳಿದ: "ಪಾಸ್‌ವರ್ಡ್ ಕೇಳದಂಗ ಚಾಲೂ ಮಾಡಿ ಹೊಸಾದು ಹಾಕು. ಆ ಹಳೀ ಡಿಸ್ಕ್ ಕೊಡು ಇಲ್ಲೆ. ಊಟ ಆದ ಕೂಡ್ಲೇ ಪೂರಾ ಒರಸಿ ಇಡ್ತೀನಿ."

ಡಿಸ್ಕ್ ಅವನ ಕೈ ಸೇರಿತು. ಅವನು ಹೇಳಿದಂತೆ ಮಾಡಿದಾಗ ಡೇಟಾಬೇಸೇನೋ ತೆರೆಯಿತು. ಒಳಗೆ ನೋಡಿದ ಪ್ರಣಿತಾಳ ಮುಖ ಸುಣ್ಣದಂತಾಯಿತು.

"ಎಷ್ಟು ಹಾಡು ಅವ?"

"ಒಂದೂ ಇಲ್ಲ, ಆಯಿ."

ರತ್ನಾಬಾಯಿ ಸೋನಾಬಾಯಿಯ ಹೆಸರನ್ನಂತೂ ತಾನೇ ಕಸಿದಿದ್ದಳು. ಈಗ ದನಿಯೂ ಹೋಯಿತೇ? ಮೊಮ್ಮಗಳ ಕಡೆ ತಿರುಗಿ ಕೇಳಿದಳು: "ಹಳೀ ಜಾಗಾದಿಂದ ಏನೇನು ತಂದಿ?"

"ಹಾಡಿನ ಫೋಲ್ಡರ್ ತಂದೀನಿ. ಉಳದ ಫೈಲ್ ನಮ್ದಲ್ಲ, ಡೇಟಾಬೇಸಿನ ಸ್ವಂತದ್ದು. ಹೊಸಾ ಜಾಗಾದಾಗ ಅದು ತಾನೇ ಮಾಡ್ಕೊಂಡದ."

"ಕುಂಭಾರಿ ಊರು ಬಿಟ್ಟು ನಾಗಣಸೂರಿಗಿ ಬಂದಾಗ ನಾನೂ ಹಂಗೇ ಮಾಡಿದ್ದೆ. ಭಾಂಡಿ, ಹಾಸಗಿ, ಕಸಬರಗಿ ಸುದ್ದಾ ಗಾಡಿಗಿ ಹೇರಿದೆ. ಪೂಜಾ ಜಗಲಿ ಮ್ಯಾಲಿನ ದೇವ್ರನ್ನೇ ಬಿಟ್ಟು ಬಂದೆ. ದೇವ್ರು ಬರೋತನಕ ನಮ್ಮತ್ತಿ ಒಲಿ ಹಚ್ಚಗೊಡ್ಲಿಲ್ಲ. ಸೋನಾ ಉರಿಬಿಸಲಾಗ ತಿರುಗಿ ನಡಕೋತ ಹೋಗಿ ಉಡ್ಯಾಗ ಹಾಕ್ಕೊಂಡು ತಂದ್ಳು."

ಪ್ರಣಿತಾಳ ಬೆರಳು ನಿಂತವು. ಯಾರನ್ನು ಒಳಗೆ ಬಿಡಬೇಕು, ಯಾವ ಹಾಡು ಎಲ್ಲಿದೆ ಎಂಬುದೆಲ್ಲ ಬರೆದಿದ್ದದ್ದು ಆ ಬಿಟ್ಟುಬಂದ ಕಡತಗಳಲ್ಲೇ. ಹೊಸದಾಗಿ ಹುಟ್ಟಿದ ಖಾಲಿ ಡೇಟಾಬೇಸಿಗೆ ಅವಳೂ ಗೊತ್ತಿಲ್ಲ, ಹಾಡೂ ಗೊತ್ತಿಲ್ಲ. ಅವಳು ಎದ್ದು ಓಡಿದಳು.

"ಸರ್, ಒರಸಬ್ಯಾಡ್ರಿ!"

ಲಕ್ಷ್ಮೀಕಾಂತ ಊಟದ ಡಬ್ಬಿಯ ಮುಂದೆ ತುತ್ತು ಹಿಡಿದೇ ಕಣ್ಣರಳಿಸಿದ. ಡಿಸ್ಕ್ ಅವನ ಮೊಣಕೈ ಬಳಿ ಹಾಗೆಯೇ ಇತ್ತು.

ಪ್ರಣಿತಾ ಡೇಟಾಬೇಸನ್ನು ನಿಲ್ಲಿಸಿದಳು. ಹೊಸ ಡಿಸ್ಕಿನಲ್ಲಿದ್ದ ಖಾಲಿಯದನ್ನು ಬದಿಗೆ ಸರಿಸಿ, ಹಳೆಯದನ್ನು ಒಂದು ಕಡತವೂ ಬಿಡದಂತೆ ತಂದಿಟ್ಟಳು. ಅವನ್ನು ಓದುವ, ಬರೆಯುವ ಹಕ್ಕನ್ನು ಡೇಟಾಬೇಸಿಗೆ ಕೊಟ್ಟು ಮತ್ತೆ ಚಾಲೂ ಮಾಡಿ, ಹಳೆಯ ಪಾಸ್‌ವರ್ಡ್ ಒತ್ತಿದಳು. ಒಳಗೆ ಬಿಟ್ಟಿತು. ನೂರಾ ಹನ್ನೆರಡೂ ಇದ್ದವು.

ಆಮೇಲೆ ಒಂದೊಂದೇ ಹಾಡು ಕೇಳಿಸುತ್ತ ಹೋದಳು. "ಇದು ಸೋನಾಂದು. ಇದೂ ಆಕಿದೇ. ಇದು ನಂದು." ಯಾವುದನ್ನೂ ಉಬ್ಬಿಸಿ ಹೇಳುವ ರತ್ನಾಬಾಯಿ ಆ ಮಧ್ಯಾಹ್ನ ಒಂದು ಹಾಡನ್ನೂ ತನ್ನ ಕಡೆ ಎಳೆದುಕೊಳ್ಳಲಿಲ್ಲ.

ಕೊನೆಯ ಹಾಡು ಉಳಿಯಿತು. ಗಂಡ ಸತ್ತವಳು ಕಲ್ಲಿಗೆ ತನ್ನ ದುಃಖ ಹೇಳಿಕೊಳ್ಳುವ ಹಾಡು. ರತ್ನಾಬಾಯಿಗೆ ಹೆಸರು ತಂದದ್ದೇ ಅದು. ಕೇಳಿದ್ದು ಅವಳೊಬ್ಬಳದೇ ದನಿ.

"ಇದಂತೂ ನೀನೇ ಕಟ್ಟಿದ್ದು, ಊರಿಗೇ ಗೊತ್ತದ. ಹಂಗೇ ಬಿಡ್ಲ್ಯಾ, ಆಯಿ?"

ಗಂಡ ಹೋದ ವರ್ಷ ತಿಂಗಳುಗಟ್ಟಲೆ ತುಟಿ ಬಿಚ್ಚದೆ ಕೂತಿದ್ದ ರತ್ನಾಬಾಯಿಯನ್ನು ಕಲ್ಲಿನ ಮುಂದೆ ಎಳೆದು ಕೂರಿಸಿ, ಆ ಹಾಡನ್ನು ಸಾಲು ಸಾಲಾಗಿ ಕಟ್ಟಿ ಅವಳ ಬಾಯಿಗಿಟ್ಟವಳು ಸೋನಾಬಾಯಿ. ಅದನ್ನು ಬಲ್ಲವಳು ಭೂಮಿಯ ಮೇಲೆ ಈಗ ರತ್ನಾಬಾಯಿ ಒಬ್ಬಳೇ. ಪ್ರಣಿತಾ ಕೀಲಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ರತ್ನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಹೆಸರು ಹೇಳಿದಳು.

ಯಾರ ಹೆಸರು? ಇಷ್ಟು ಹೊತ್ತು ಕೇಳಿದ್ದೀರಿ, ಅದನ್ನು ನೀವೇ ಹೇಳಿ ನೋಡೋಣ.